ಉಯಿಲಿನಲ್ಲಿ ಶಾಲೆಯ ಹೆಸರು: ಕೊಟ್ಟವರನ್ನು ನೆನೆಯುವುದು ಹೇಗೆ?

ಶಾಲೆಯ ವಾರ್ಷಿಕೋತ್ಸವಕ್ಕೆ ನೀವು ಹೋಗಿರುತ್ತೀರಿ. ಬಹುಮಾನ ವಿತರಣೆಯ ಹೊತ್ತಿಗೆ ಉಪಾಧ್ಯಾಯರೊಬ್ಬರು ಪಟ್ಟಿ ಹಿಡಿದು ಓದುತ್ತಾರೆ: ‘ದಿವಂಗತ ಇಂಥವರ ಸ್ಮಾರಕ ದತ್ತಿ ಬಹುಮಾನ, ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ.’ ಹುಡುಗಿಯೊಬ್ಬಳು ವೇದಿಕೆ ಹತ್ತಿ, ಅತಿಥಿಗಳ ಕೈಯಿಂದ ಲಕೋಟೆ ಪಡೆದು, ನಮಸ್ಕರಿಸಿ ಇಳಿಯುತ್ತಾಳೆ. ಚಪ್ಪಾಳೆ ಬೀಳುತ್ತದೆ. ಆ ‘ದಿವಂಗತರು’ ಯಾರು, ಏಕೆ ಕೊಟ್ಟರು ಎಂದು ಆ ಹುಡುಗಿಯನ್ನು ಕೇಳಿ ನೋಡಿ. ಅವಳಿಗೆ ತಿಳಿದಿರುವುದಿಲ್ಲ. ಪಟ್ಟಿ ಓದಿದ ಉಪಾಧ್ಯಾಯರಿಗೂ ಬಹುಮಟ್ಟಿಗೆ ತಿಳಿದಿರುವುದಿಲ್ಲ.

ಕಿರುತೆರೆಯ ಮೇಲೆ ಮಾತುಕತೆ ನಡೆಯುವಾಗ ಇಸವಿಗಳನ್ನೂ ಕಾನೂನಿನ ವಿವರಗಳನ್ನೂ ಗುರುತು ಹಾಕಿಕೊಳ್ಳಲು ಬಿಡುವಿರುವುದಿಲ್ಲ. ಹಳೆಯ ಶಾಲೆಗಳಿಗೆ ತಮ್ಮ ಕಾಲಾನಂತರ ಸಲ್ಲುವಂತೆ ಆಸ್ತಿ ಬರೆದಿಟ್ಟವರನ್ನು ಗೌರವಿಸುವುದು ಹೇಗೆ ಎಂಬ ವಿಷಯವನ್ನು ನೀವು ನಿಧಾನವಾಗಿ ಓದಿಕೊಳ್ಳಲೆಂದು ಈ ಪುಟಗಳಲ್ಲಿ ಕೊಟ್ಟಿದೆ.

ಎರಡು ಬಗೆಯ ದಾನ

ಬದುಕಿರುವಾಗ ಕೊಡುವ ದಾನ ಒಂದು ಬಗೆ. ಕೊಠಡಿ ಕಟ್ಟಿಸಿಕೊಟ್ಟವರು ಉದ್ಘಾಟನೆಗೆ ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ. ಕಟ್ಟಡ ಸೋರಿದರೆ ಮರುವರ್ಷ ಬಂದು ಕೇಳುತ್ತಾರೆ. ಕೊಟ್ಟ ಹಣ ಕೊಟ್ಟ ಕೆಲಸಕ್ಕೇ ಹೋಯಿತೇ ಎಂದು ನೋಡುವ ಕಣ್ಣು ಅಲ್ಲಿರುತ್ತದೆ.

ಉಯಿಲಿನ ಮೂಲಕ ಕೊಡುವ ದಾನ ಇನ್ನೊಂದು ಬಗೆ. ಉಯಿಲು ಎಂದು ಮೈಸೂರು ಕಡೆಯವರೂ ಮೃತ್ಯುಪತ್ರ ಎಂದು ಉತ್ತರ ಕರ್ನಾಟಕದವರೂ ಕರೆಯುವ ಈ ಕಾಗದ, ಬರೆದವರು ತೀರಿಕೊಂಡ ನಂತರವೇ ಜಾರಿಗೆ ಬರುವಂಥದು. ಅದರಲ್ಲಿ ಶಾಲೆಯ ಹೆಸರು ಬರೆದವರು ತಾವು ಕೊಟ್ಟದ್ದರ ಫಲವನ್ನು ಕಾಣುವುದಿಲ್ಲ, ಸನ್ಮಾನದ ಶಾಲನ್ನು ಹೊದೆಯುವುದಿಲ್ಲ, ಲೆಕ್ಕವನ್ನೂ ಕೇಳುವುದಿಲ್ಲ. ಅವರು ಶಾಲೆಯ ಮೇಲೆ ಇಟ್ಟಿರುವುದು ಬರಿಯ ನಂಬಿಕೆ. ಹೀಗಾಗಿ ಅವರಿಗೆ ಸಲ್ಲಬೇಕಾದ ಗೌರವವೂ ಬೇರೆ ಬಗೆಯದು. ಆ ನಂಬಿಕೆಯನ್ನು ವರ್ಷವರ್ಷವೂ ಉಳಿಸಿಕೊಳ್ಳುವುದೇ ಅದರ ತಿರುಳು. ಹಾರ, ಭಾವಚಿತ್ರ, ಕಲ್ಲಿನ ಫಲಕ ಎಲ್ಲವೂ ಅದರ ನಂತರ.

ಕಲ್ಲಿನ ಮೇಲಿನ ಲೆಕ್ಕ

ಕೊಟ್ಟವರ ಇಚ್ಛೆಯನ್ನು ಮುಂದಿನವರ ಕಣ್ಣಿಗೆ ಬೀಳುವಂತೆ ಬರೆದಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ವಿಜಯಪುರ ಜಿಲ್ಲೆಯ ಇಂಡಿಯ ಬಳಿ ಸಾಲೋಟಗಿ ಎಂಬ ಊರಿದೆ. ಅಲ್ಲಿ ದೊರೆತ, ರಾಷ್ಟ್ರಕೂಟ ದೊರೆ 3ನೆಯ ಕೃಷ್ಣನ ಕಾಲದ ಕ್ರಿ.ಶ. 945ರ ಶಾಸನ ಒಂದು ವಿದ್ಯಾಶಾಲೆಯ ದಾನವನ್ನು ದಾಖಲಿಸುತ್ತದೆ. ಶಾಲೆಯನ್ನು ಕಟ್ಟಿಸಿದವನು ದೊರೆಯ ಮಂತ್ರಿ ನಾರಾಯಣ. ಬೇರೆ ಬೇರೆ ನಾಡುಗಳಿಂದ ಬಂದು ಓದುವ ವಿದ್ಯಾರ್ಥಿಗಳಿಗಾಗಿ 500 ನಿವರ್ತನ ಭೂಮಿ, ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ, ಉಪಾಧ್ಯಾಯರಿಗೆ 50 ನಿವರ್ತನ, ಹೀಗೆ ಬಾಬ್ತುವಾರು ಲೆಕ್ಕವಿದೆ. ಊರಿನ ಮನೆಗಳಲ್ಲಿ ಮದುವೆ, ಮುಂಜಿ ನಡೆದಾಗ ಶಾಲೆಗೆ ಇಷ್ಟು ಸಲ್ಲಬೇಕೆಂಬ ಕಟ್ಟಳೆಯೂ ಇದೆ.

ದೀಪದ ಎಣ್ಣೆಯ ಖರ್ಚನ್ನೂ ಬಿಡದೆ ಬರೆಸಿದ್ದು ಏಕೆ? ಕೊಟ್ಟವನು ಹೋದ ಮೇಲೆ ಆ ಭೂಮಿಯ ಹುಟ್ಟುವಳಿ ಬೇರೆ ಕಡೆ ಹರಿಯಬಾರದು, ಓದಲು ಬಂದವನಿಗೆ ದೀಪ ಆರಬಾರದು ಎಂಬ ಎಚ್ಚರಿಕೆ ಅದು. ಅದು ಉಯಿಲಲ್ಲ, ದಾನಶಾಸನ. ಆದರೆ ಇಂದಿನ ದತ್ತಿಪತ್ರವೂ ಮಾಡಬೇಕಾದ ಕೆಲಸ ಅದೇ.

ಸಿರಸಂಗಿಯ ದೇಸಾಯರು

ಉಯಿಲಿನ ದಾನಕ್ಕೆ ಕನ್ನಡ ನಾಡಿನಲ್ಲಿ ಮೊದಲು ನೆನಪಾಗುವ ಹೆಸರು ಬೆಳಗಾವಿ ಜಿಲ್ಲೆಯ ಸಿರಸಂಗಿ ಲಿಂಗರಾಜ ದೇಸಾಯರದು. 1861ರ ಜನವರಿ 10ರಂದು ಹುಟ್ಟಿದ ಅವರು ನವಲಗುಂದ–ಸಿರಸಂಗಿ ದೇಸಗತಿಗೆ ಒಡೆಯರಾದರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ತಮ್ಮ ಸಮಾಜದ ಮಕ್ಕಳು ಇಂಗ್ಲಿಷ್ ವಿದ್ಯೆ ಕಲಿಯಲು ಹಣವಿಲ್ಲದೆ ಹಿಂದುಳಿದಿದ್ದನ್ನು ಕಂಡಿದ್ದ ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು, 1906ರಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಈಗ ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು 1916ರಲ್ಲಿ, ದೇಸಾಯರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಆ ಸಂಸ್ಥೆಯ ಮೊದಲ ಕಾಲೇಜು ಆರಂಭವಾಗಿದ್ದು 1933ರಲ್ಲಿ, ಅಂದರೆ 27 ವರ್ಷಗಳ ನಂತರ. ಅದಕ್ಕೆ ಲಿಂಗರಾಜ ಕಾಲೇಜು ಎಂದೇ ಹೆಸರಿಟ್ಟರು. ಆ ಕಾಲೇಜಿನ ಮೆಟ್ಟಿಲನ್ನು ದೇಸಾಯರು ತುಳಿಯಲಿಲ್ಲ. ಆದರೆ ಅವರ ಹೆಸರಿನ ವಿಶ್ವಸ್ತ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು, ಅವರ ಹೆಸರಿನ ಕಾಲೇಜಿನಲ್ಲಿ ಪದವಿ ಪಡೆದವರು ನಾಡಿನ ಉದ್ದಗಲಕ್ಕೂ ಇದ್ದಾರೆ. ಜನ ಅವರನ್ನು ‘ತ್ಯಾಗವೀರ’ ಎಂದು ಕರೆಯುತ್ತಾರೆ, ಜನವರಿ 10ರಂದು ಜಯಂತಿ ಆಚರಿಸುತ್ತಾರೆ. ಹೆಸರು ಉಳಿದಿದ್ದರೆ ಅದಕ್ಕೆ ಕಾರಣ ಫಲಕವಲ್ಲ, ಮಕ್ಕಳು ಓದುತ್ತ ಬಂದದ್ದು.

ತನ್ನ ನೆನಪನ್ನು ತಾನೇ ಬರೆದಿಟ್ಟವನು

ನಮ್ಮ ನಾಡಿನ ಆಚೆ, ಉತ್ತರದ ಲಖನೌಗೆ ಹೋದರೆ ಬೇರೊಂದು ಬಗೆಯ ಉದಾಹರಣೆ ಸಿಗುತ್ತದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1735ರಲ್ಲಿ ಹುಟ್ಟಿದ ಕ್ಲಾಡ್ ಮಾರ್ಟಿನ್ ಸಿಪಾಯಿಯಾಗಿ ಭಾರತಕ್ಕೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಮೇಜರ್ ಜನರಲ್ ಹುದ್ದೆಗೇರಿ, ಲಖನೌದಲ್ಲಿ ಅಪಾರ ಸಂಪತ್ತು ಗಳಿಸಿದವನು. 1800ರ ಸೆಪ್ಟೆಂಬರ್ 13ರಂದು ಅವನು ತೀರಿಕೊಂಡಾಗ ಅವನ ಉಯಿಲಿನಲ್ಲಿ ಮೂರು ಊರುಗಳ ಶಾಲೆಗಳಿಗೆ ಹಣವಿತ್ತು: ಕಲ್ಕತ್ತ, ಲಖನೌ ಮತ್ತು ಹುಟ್ಟೂರು ಲಿಯೋನ್.

ಉಯಿಲು ಬರೆದ ಮಾತ್ರಕ್ಕೆ ಶಾಲೆ ಎದ್ದು ನಿಲ್ಲುವುದಿಲ್ಲ. ಲಿಯೋನಿನ ಶಾಲೆ ತೆರೆದದ್ದು 1833ರಲ್ಲಿ, ಕಲ್ಕತ್ತದ್ದು 1836ರಲ್ಲಿ, ಲಖನೌದ್ದು 1845ರಲ್ಲಿ. ನಡುವಿನ ವರ್ಷಗಳು ನ್ಯಾಯಾಲಯದ ವ್ಯಾಜ್ಯಗಳಲ್ಲಿ ಕಳೆದವು. 1800ರಲ್ಲಿ ಶಾಲೆಗೆ ಹೋಗಬೇಕಿದ್ದ ಮಗು 1845ರ ಹೊತ್ತಿಗೆ ಅಜ್ಜನೋ ಅಜ್ಜಿಯೋ ಆಗಿರುವ ವಯಸ್ಸು.

ತನ್ನನ್ನು ಹೇಗೆ ನೆನೆಯಬೇಕೆಂಬುದನ್ನೂ ಮಾರ್ಟಿನ್ ಉಯಿಲಿನಲ್ಲೇ ಬರೆದಿದ್ದ. ಅವನು ತೀರಿಕೊಂಡ ದಿನ ಪ್ರತಿವರ್ಷ ಮಕ್ಕಳಿಗೆ ಪ್ರವಚನ, ಯೋಗ್ಯ ವಿದ್ಯಾರ್ಥಿಗೆ ಪದಕ, ಊಟ, ಸಂಸ್ಥಾಪಕನ ನೆನಪಿನಲ್ಲಿ ಪಾನ, ಇಷ್ಟು ನಡೆಯಬೇಕೆಂಬುದು ಅವನ ಇಚ್ಛೆ. ಲಾ ಮಾರ್ಟಿನಿಯರ್ ಶಾಲೆಗಳಲ್ಲಿ ಸೆಪ್ಟೆಂಬರ್ 13 ಸಂಸ್ಥಾಪಕರ ದಿನವೆಂದು ಆಚರಣೆಯಲ್ಲಿದೆ. ಲಖನೌದ ಶಾಲೆ ಇರುವುದು ಅವನೇ ಕಟ್ಟಿಸಿದ ಕಾನ್‌ಸ್ಟಾನ್ಷಿಯ ಎಂಬ ಅರಮನೆಯಂಥ ಕಟ್ಟಡದಲ್ಲಿ. ಅದರ ನೆಲಮಾಳಿಗೆಯಲ್ಲಿ ಅವನ ಸಮಾಧಿಯಿದೆ. ಪದಕ ಪಡೆಯುವ ಹುಡುಗನಿಗೆ ಅದು ಯಾರ ಪದಕ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಶಾಲೆಗಳು ಮಾಡಬಹುದಾದದ್ದು

ಅರಮನೆ, ದೇಸಗತಿ ಇರುವವರ ಮಾತು ಆಯಿತು. ನಮ್ಮ ಊರಿನ ನೂರು ವರ್ಷದ ಶಾಲೆಗೆ ಬರೆದಿಡುವವರು ಹೆಚ್ಚಾಗಿ ನಿವೃತ್ತ ಮೇಷ್ಟರು, ಮಕ್ಕಳಿಲ್ಲದ ದಂಪತಿ, ಊರು ಬಿಟ್ಟು ಹೋಗಿ ನೌಕರಿ ಮಾಡಿದ ಹಳೆಯ ವಿದ್ಯಾರ್ಥಿ. ಇವರಿಗೆ ಗೌರವ ಸಲ್ಲಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ.

ಮೊದಲನೆಯದು, ಇಚ್ಛೆಯಂತೆ ನಡೆಯುವುದು. ಗ್ರಂಥಾಲಯಕ್ಕೆಂದು ಬರೆದ ಹಣ ಕಾಂಪೌಂಡಿಗೆ ಹೋದರೆ, ಕಾಂಪೌಂಡು ಎಷ್ಟೇ ಅಗತ್ಯವಿದ್ದರೂ ಅದು ಮಾತು ತಪ್ಪಿದಂತೆ.

ಎರಡನೆಯದು, ಒಂದು ದತ್ತಿ ಪುಸ್ತಕ ಇಡುವುದು. ಕೊಟ್ಟವರ ಹೆಸರು, ಊರು, ಉದ್ದೇಶ, ಇಸವಿ, ಸಾಧ್ಯವಾದರೆ ಒಂದು ಭಾವಚಿತ್ರ, ಹತ್ತು ಸಾಲಿನ ಜೀವನ ವಿವರ ಅದರಲ್ಲಿರಲಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗತಿ ಇಲ್ಲಿ ಹೇಳುವಂಥದು. 1638ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ತರುಣ ಪಾದ್ರಿ ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಆಗತಾನೆ ಹುಟ್ಟಿದ್ದ ಕಾಲೇಜಿಗೆ ಬಿಟ್ಟ. ಮರುವರ್ಷವೇ ಕಾಲೇಜಿಗೆ ಅವನ ಹೆಸರಾಯಿತು. ಆದರೆ 1884ರಲ್ಲಿ ಅವನ ಪ್ರತಿಮೆ ಮಾಡುವಾಗ ಅವನ ಮುಖ ಹೇಗಿತ್ತೆಂದು ಹೇಳುವ ಒಂದು ಚಿತ್ರವೂ ಇರಲಿಲ್ಲ. ಶಿಲ್ಪಿ ಅಲ್ಲಿನ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಕೆಲಸ ಮುಗಿಸಿದ. ಅಷ್ಟು ಹೆಸರಾದವನ ಪಾಡೇ ಹೀಗಾದರೆ, ನಿಮ್ಮ ಊರಿನ ಮೇಷ್ಟರ ಭಾವಚಿತ್ರವನ್ನು ಈಗಲೇ ತೆಗೆದಿಡಬೇಕಲ್ಲವೆ?

ಮೂರನೆಯದು, ಹಣದ ಬೆಲೆಯನ್ನು ಕಾಯುವುದು. ಶೇಕಡಾ 10ರ ಬಡ್ಡಿಯಲ್ಲಿ 5,000 ರೂಪಾಯಿ ಇಡುಗಂಟು ವರ್ಷಕ್ಕೆ 500 ರೂಪಾಯಿ ಕೊಡುತ್ತಿತ್ತು. ಬಡ್ಡಿ ಶೇಕಡಾ 6ಕ್ಕೆ ಇಳಿದರೆ ಬರುವುದು 300 ಮಾತ್ರ. ಆ 300ಕ್ಕೆ ಬರುವ ಪುಸ್ತಕಗಳೂ ವರ್ಷವರ್ಷಕ್ಕೆ ಕಡಿಮೆಯಾಗುತ್ತವೆ. ಬಡ್ಡಿಯನ್ನೆಲ್ಲ ಖರ್ಚು ಮಾಡದೆ ಒಂದು ಪಾಲನ್ನು ಅಸಲಿಗೆ ಸೇರಿಸುತ್ತ ಬಂದರೆ ದತ್ತಿ ಸೊರಗುವುದು ನಿಧಾನವಾಗುತ್ತದೆ. ತೀರ ಸಣ್ಣದಾದ ನಾಲ್ಕಾರು ದತ್ತಿಗಳನ್ನು, ಬರೆದಿಟ್ಟ ಷರತ್ತುಗಳು ಒಪ್ಪುವುದಾದರೆ, ಒಂದು ಮಾಡಿ ಒಳ್ಳೆಯ ಬಹುಮಾನವೊಂದನ್ನು ಕೊಡಬಹುದು. ಆಗ ಎಲ್ಲ ಹೆಸರುಗಳನ್ನೂ ಓದಲೇಬೇಕು, ಒಂದನ್ನೂ ಬಿಡಬಾರದು.

ನಾಲ್ಕನೆಯದು, ಮೊತ್ತ ನೋಡಿ ಸಾಲು ಮಾಡದಿರುವುದು. ಪಿಂಚಣಿಯಲ್ಲಿ ಉಳಿಸಿದ 5,000 ಮತ್ತು ತೋಟ ಮಾರಿ ಬಂದ 5 ಲಕ್ಷ, ಎರಡನ್ನೂ ಇಸವಿಯ ಪ್ರಕಾರ ಒಂದೇ ಅಳತೆಯ ಅಕ್ಷರದಲ್ಲಿ ಬರೆಸಿ.

ಐದನೆಯದು, ಬದುಕಿರುವಾಗಲೇ ಧನ್ಯವಾದ ಹೇಳುವುದು. ‘ಉಯಿಲಿನಲ್ಲಿ ಶಾಲೆಯ ಹೆಸರು ಬರೆದಿದ್ದೇನೆ’ ಎಂದು ಯಾರಾದರೂ ತಿಳಿಸಿದರೆ ಅವರನ್ನು ಸ್ವಾತಂತ್ರ್ಯ ದಿನಕ್ಕೋ ವಾರ್ಷಿಕೋತ್ಸವಕ್ಕೋ ಕರೆದು ಮಕ್ಕಳ ಜೊತೆ ಕೂರಿಸಿ. ಎಷ್ಟು ಬರೆದಿರಿ ಎಂದು ಕೇಳಬೇಡಿ. ಹೆಸರು ಹೊರಗೆ ಬೇಡ ಎಂದರೆ ಆ ಮಾತನ್ನೂ ಉಳಿಸಿಕೊಳ್ಳಿ. ಅವರು ಮುಂದೆ ಮನಸ್ಸು ಬದಲಿಸಿದರೆ ಅದು ಅವರ ಹಕ್ಕು, ಮನಸ್ತಾಪಕ್ಕೆ ಕಾರಣವಲ್ಲ.

ಬರೆಯುವವರು ತಿಳಿದಿರಬೇಕಾದದ್ದು

ನಿಮಗೂ ಅಂಥ ಆಲೋಚನೆ ಇದ್ದರೆ ಕೆಲವು ಸಂಗತಿಗಳು ತಿಳಿದಿರಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಗೆ ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದ ಬೇಕಾಗಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಬದುಕಿರುವ ತನಕ ಅದನ್ನು ಬದಲಿಸಬಹುದು, ರದ್ದು ಮಾಡಬಹುದು. ಹಿಂದೂ ಅವಿಭಕ್ತ ಕುಟುಂಬದವರು ತಮ್ಮ ಸ್ವಯಾರ್ಜಿತ ಆಸ್ತಿ ಮತ್ತು ತಮ್ಮ ಪಾಲನ್ನು ಮಾತ್ರ ಬರೆಯಬಹುದು. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲಾಗದು.

ಶಾಲೆಯ ಹೆಸರನ್ನು ವಾಡಿಕೆಯ ಹೆಸರಿನಲ್ಲಿ ಬರೆಯಬೇಡಿ. ‘ಕೋಟೆ ಸ್ಕೂಲು’ ಎಂದರೆ ಊರಿಗೆ ಗೊತ್ತು, ನ್ಯಾಯಾಲಯಕ್ಕೆ ಗೊತ್ತಿಲ್ಲ. ಶಾಲೆಯನ್ನು ನಡೆಸುವ ಸಂಘದ ಅಥವಾ ಟ್ರಸ್ಟಿನ ನೋಂದಾಯಿತ ಹೆಸರು ಬೇಕು. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನೂ ಮೊದಲೇ ವಿಚಾರಿಸಿ. ಉದ್ದೇಶವನ್ನು ಸ್ಪಷ್ಟವಾಗಿ ಬರೆಯಿರಿ, ಅದು ಮುಂದೆ ಅಸಾಧ್ಯವಾದರೆ ಅದಕ್ಕೆ ಹತ್ತಿರದ ಇನ್ನಾವ ಕೆಲಸಕ್ಕೆ ಬಳಸಬಹುದು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಕೊನೆಯ ಮಾತು, ಮನೆಯವರಿಗೆ ತಿಳಿಸಿ. ನೀವು ತೀರಿಕೊಂಡ ಮೇಲೆ ವಕೀಲರ ಬಾಯಿಂದ ಮಕ್ಕಳು ಇದನ್ನು ಕೇಳುವಂತಾದರೆ, ನಿಮ್ಮ ಕೊಡುಗೆ ಶಾಲೆಗೆ ತಲುಪುವ ಮೊದಲು ಕೋರ್ಟಿನ ಮೆಟ್ಟಿಲು ಹತ್ತಬಹುದು. ಮಾರ್ಟಿನ್ನನ ಶಾಲೆಗಳು ಕಾದ ವರ್ಷಗಳನ್ನು ನೆನಪಿಡಿ.

ಮುಂದಿನ ವಾರ್ಷಿಕೋತ್ಸವಕ್ಕೆ ಮೊದಲು

ನೀವು ಶಾಲೆಯ ಸಮಿತಿಯಲ್ಲಿದ್ದರೆ, ಅಥವಾ ಹಳೆಯ ವಿದ್ಯಾರ್ಥಿಯಾಗಿದ್ದರೆ, ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಹಳೆಯ ದತ್ತಿಗಳ ಕಡತ ಕೇಳಿ. ಬ್ಯಾಂಕಿನ ಠೇವಣಿ ರಸೀದಿಗಳು ಎಲ್ಲಿವೆ, ಯಾವ ಬಹುಮಾನ ಯಾವ ವರ್ಷ ನಿಂತುಹೋಯಿತು ನೋಡಿ. ಕೊಟ್ಟವರನ್ನು ಕಂಡಿದ್ದ ಹಿರಿಯರು ಊರಿನಲ್ಲಿ ಇನ್ನೂ ಒಬ್ಬರೋ ಇಬ್ಬರೋ ಇರಬಹುದು. ಅವರಿಂದ ನಾಲ್ಕು ಮಾತು ಕೇಳಿ ಬರೆದುಕೊಳ್ಳಿ. ಅವರೂ ಹೋದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ.

ಮುಂದಿನ ಸಲ ಪಟ್ಟಿ ಓದುವಾಗ ‘ದಿವಂಗತ’ ಎಂಬ ಮಾತಿನ ಜೊತೆಗೆ, ಅವರು ಇದೇ ಶಾಲೆಯಲ್ಲಿ ಯಾವ ತರಗತಿಯವರೆಗೆ ಓದಿದ್ದರು, ಏಕೆ ಈ ಬಹುಮಾನವಿಟ್ಟರು ಎಂಬ ಎರಡು ವಾಕ್ಯ ಸೇರಿಸಿ. ಲಕೋಟೆ ಹಿಡಿದು ಮನೆಗೆ ಹೋದ ಹುಡುಗಿ ಅದನ್ನು ತನ್ನ ಅಜ್ಜಿಗೆ ಹೇಳಿದರೆ ಸಾಕು, ಕೊಟ್ಟವರ ಋಣದಲ್ಲಿ ಒಂದಿಷ್ಟು ಸಂದಂತೆ.