ಮನೆಗೂ ಕೊಟ್ಟಿಗೆಗೂ ಒಂದೇ ಗೋಡೆ

ಮೇಲುಕೋಟೆಯ ಬೆಟ್ಟದ ಸುತ್ತ ಹರಡಿರುವ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ರಾಸು ಕಟ್ಟದ ಒಕ್ಕಲುಮನೆ ಕಡಿಮೆ. ಬೆಳಗಿನ ಹಾಲು ಡೇರಿಗೆ ಹೋದರೆ ಮನೆಯ ಖರ್ಚು ನಡೆಯುತ್ತದೆ. ಹೊಲಕ್ಕೆ ಬೀಳುವ ಗೊಬ್ಬರವೂ ಕೊಟ್ಟಿಗೆಯದೇ. ಬೆಟ್ಟದ ಕುರುಚಲು ಕಾಡು 1974ರಲ್ಲಿ ತೋಳಗಳ ರಕ್ಷಣೆಗೆಂದು ವನ್ಯಜೀವಿಧಾಮವಾಯಿತು. ಅದರ ಅಂಚಿನ ಊರುಗಳಲ್ಲಿ ಕುರಿಮೇಕೆಗಳಿವೆ, ಬೆಟ್ಟದ ಮೆಟ್ಟಿಲುಗಳಲ್ಲಿ ಕೋತಿಗಳಿವೆ, ಬೀದಿಗಳಲ್ಲಿ ನಾಯಿಗಳಿವೆ. ಮನುಷ್ಯ, ಸಾಕುಪ್ರಾಣಿ, ಕಾಡುಪ್ರಾಣಿ ಎಲ್ಲರೂ ಒಂದೇ ಅಂಗಳದಲ್ಲಿ ಬಾಳುವ ನಾಡು ಇದು.

ಆದರೆ ಕಾಯಿಲೆ ಬಂದಾಗ ನಾವು ಈ ಅಂಗಳದ ನಡುವೆ ಬೇಲಿ ಹಾಕುತ್ತೇವೆ. ಮನುಷ್ಯನಿಗೆ ಒಂದು ಆಸ್ಪತ್ರೆ, ರಾಸಿಗೆ ಮತ್ತೊಂದು; ಇಲ್ಲಿ ಬರೆದ ಚೀಟಿ ಅಲ್ಲಿಯವರ ಕಣ್ಣಿಗೆ ಬೀಳುವುದಿಲ್ಲ. ರೋಗಾಣುವಿಗೆ ಮಾತ್ರ ಈ ಬೇಲಿಯ ಪರಿವೆಯಿಲ್ಲ. ಮನುಷ್ಯರನ್ನು ಕಾಡುವ ಸೋಂಕುರೋಗಗಳಲ್ಲಿ ಸುಮಾರು ಶೇಕಡ 60ರಷ್ಟು ಪ್ರಾಣಿಮೂಲದವು ಎಂಬುದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದಲೇ ಮನುಷ್ಯವೈದ್ಯರೂ ಪಶುವೈದ್ಯರೂ ಕೂಡಿ ದುಡಿಯಬೇಕೆಂಬ ‘ಏಕ ಆರೋಗ್ಯ’ದ ವಿಚಾರ ಇಂದು ಲೋಕದಲ್ಲೆಲ್ಲ ಬಲಗೊಂಡಿದೆ. 2022ರ ಜೂನ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಇದರ ಪ್ರಾಯೋಗಿಕ ಯೋಜನೆಯನ್ನು ಬೆಂಗಳೂರಿನಲ್ಲಿ ಆರಂಭಿಸಿತು. ಹೆಸರು ಹೊಸದಾದರೂ ಈ ಕೆಲಸ ಕನ್ನಡನಾಡಿಗೆ ಹೊಸದಲ್ಲ.

ಕ್ಯಾಸನೂರು ಕಲಿಸಿದ ಪಾಠ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳು ಒಂದರ ಮೇಲೊಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿನಲ್ಲಿ ಸುತ್ತಲ ಹಳ್ಳಿಗರನ್ನು ಉಗ್ರವಾದ ಜ್ವರ ಹಿಡಿಯಿತು. ಭಾರತ ಎಂದೂ ಕಾಣದ ಹಳದಿ ಜ್ವರವೇ ಬಂದಿತೇನೋ ಎಂಬ ಆತಂಕವೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಸತ್ತ ಕೋತಿಯನ್ನೂ ಮಲಗಿದ ರೋಗಿಯನ್ನೂ ಒಟ್ಟಿಗೇ ಪರೀಕ್ಷಿಸಿ, ಅದುವರೆಗೆ ಯಾರೂ ಅರಿಯದಿದ್ದ ವೈರಾಣುವೊಂದನ್ನು ಗುರುತಿಸಿದರು. ನಾವು ಮಂಗನ ಕಾಯಿಲೆ ಎಂದು ಕರೆಯುವ ರೋಗ ಇದೇ.

ಅದನ್ನು ಹರಡುವುದು ಕಾಡಿನ ಉಣುಗು. ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣುಗುಗಳು ದನಗಳ ರಕ್ತ ಕುಡಿದು ಸಂತಾನ ಬೆಳೆಸುತ್ತವೆ. ಕೋತಿ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕುದುರಿ, ದರಕು ಗುಡಿಸಲು, ಸೌದೆ ತರಲು ಹೋದವರನ್ನು ಕಚ್ಚುತ್ತವೆ. ಕೋತಿ, ದನ, ಹುಳು, ಕಾಡು, ಮನುಷ್ಯ ಎಂಬ ಐದನ್ನೂ ಬಲ್ಲವರು ಒಂದೆಡೆ ಕೂಡದೆ ಈ ಒಗಟು ಬಿಡಿಸುವಂತಿರಲಿಲ್ಲ. ಇಂದಿಗೂ ಮಲೆನಾಡಿನಲ್ಲಿ ಕೋತಿಯೊಂದು ಸತ್ತ ಸುದ್ದಿ ಬಂದರೆ ಪಶುವೈದ್ಯರು ಶವಪರೀಕ್ಷೆ ನಡೆಸುತ್ತಾರೆ. ಆರೋಗ್ಯ ಸಿಬ್ಬಂದಿ ಸುತ್ತ 50 ಮೀಟರ್ ಕೀಟನಾಶಕ ಎರಚಿ ಊರನ್ನು ಎಚ್ಚರಿಸುತ್ತಾರೆ. ಸತ್ತ ಕೋತಿಯೇ ಮನುಷ್ಯರಿಗೆ ಮೊದಲ ಮುನ್ಸೂಚನೆ.

ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ತಿಳಿದಿರಲಾರದು. ಮಲೆನಾಡಿನ ಜನರಿಗೆ ಅನೇಕ ವರ್ಷ ಹಾಕಿದ ಮಂಗನ ಕಾಯಿಲೆಯ ಲಸಿಕೆ ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿ, ಪಶುಗಳ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ. ಅದರ ಶಕ್ತಿ ಸಾಲದೆಂದು ಬಳಕೆ ನಿಂತ ಮೇಲೆ ಹೊಸ ಲಸಿಕೆಯ ಕೆಲಸ ಹಿಡಿದಿರುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಕಟ್ಟಿದ ಹೈದರಾಬಾದಿನ ಲಸಿಕಾ ಸಂಸ್ಥೆ.

ಕೊಟ್ಟಿಗೆಯಿಂದ ಬರುವ ಜ್ವರ

ಮೇಲುಕೋಟೆಯ ಕುರುಚಲು ಮಲೆನಾಡಿನ ಕಾಡಲ್ಲ. ಹೈನುಗಾರಿಕೆಯೇ ಆಧಾರವಾದ ಈ ಸೀಮೆಯವರು ಮುಖ್ಯವಾಗಿ ಅರಿತಿರಬೇಕಾದುದು ಬ್ರುಸೆಲ್ಲೋಸಿಸ್, ಎಂದರೆ ಕಂದು ರೋಗ. ಇದು ತಗುಲಿದ ಹಸು ಎಮ್ಮೆಗಳು ಸಾಮಾನ್ಯವಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಮಾಸು ಬೀಳುವುದು ತಡವಾಗುತ್ತದೆ. ಕಂದಿನಲ್ಲಿಯೂ ಮಾಸಿನಲ್ಲಿಯೂ ಸ್ರಾವದಲ್ಲಿಯೂ ರೋಗಾಣುಗಳು ತುಂಬಿರುತ್ತವೆ. ಬರಿಗೈಯಿಂದ ಅದನ್ನು ತೆಗೆದ ಮನೆಯವರಿಗೆ, ಚಿಕಿತ್ಸೆಗೆ ಬಂದ ಪಶುವೈದ್ಯರಿಗೆ, ಕಾಯಿಸದ ಹಾಲು ಕುಡಿದ ಮಕ್ಕಳಿಗೆ ಸೋಂಕು ತಗಲಬಹುದು.

ಮನುಷ್ಯರಲ್ಲಿ ಈ ರೋಗ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಜ್ವರ ಬಂದು ಬಿಟ್ಟು ಮತ್ತೆ ಬರುತ್ತದೆ. ರಾತ್ರಿ ಮೈ ಬೆವರುತ್ತದೆ. ಸೊಂಟ, ಕೀಲುಗಳು ನೋಯುತ್ತವೆ. ಗಂಡಸರಲ್ಲಿ ವೃಷಣ ಊದಿಕೊಳ್ಳುವುದೂ ಉಂಟು. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ವಾರಗಟ್ಟಲೆ ಔಷಧ ನಡೆದು, ದುಡಿಯುವ ಜೀವ ಹಾಸಿಗೆ ಹಿಡಿಯುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಎರಡು ಔಷಧಗಳನ್ನು ಕೂಡಿಸಿ ಸಾಮಾನ್ಯವಾಗಿ 6 ವಾರ ಕೊಡುವ ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಆದರೆ ಆ ಪರೀಕ್ಷೆ ಬರೆಯಲು ವೈದ್ಯರಿಗೆ ಒಂದು ಮಾತು ತಿಳಿಯಬೇಕು: ಈ ಮನೆಯ ಹಸು ಇತ್ತೀಚೆಗೆ ಕಂದು ಹಾಕಿತ್ತು. ಆ ಮಾತು ಪಶುವೈದ್ಯರ ದಾಖಲೆಯಲ್ಲಿರುತ್ತದೆ. ರೋಗಿಯ ಚೀಟಿಯಲ್ಲಿ ಇರುವುದಿಲ್ಲ.

ಮನುಷ್ಯರಿಗೆ ಹಾಕುವ ಲಸಿಕೆ ಇದಕ್ಕಿಲ್ಲ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬಾಳಿನಲ್ಲಿ ಒಮ್ಮೆ ಹಾಕುವ ಲಸಿಕೆಯೇ ಮನೆಮಂದಿಗೂ ಕಾಪು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಂದಿಗೆ ಈ ರೋಗವನ್ನೂ ಸೇರಿಸಲಾಗಿದೆ.

ನಾಯಿ ಕಚ್ಚಿದ ಹಸು

ರೇಬಿಸ್ ಎಂದೊಡನೆ ನಮಗೆ ನಾಯಿ ಮಾತ್ರ ನೆನಪಾಗುತ್ತದೆ. ಹುಚ್ಚುನಾಯಿ ಕಚ್ಚಿದ ಹಸು ಜೊಲ್ಲು ಸುರಿಸುತ್ತದೆ, ಮೇವು ನುಂಗಲಾರದೆ ವಿಚಿತ್ರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬಗೆದು ಒಡೆಯನು ಬಾಯೊಳಗೆ ಕೈ ಹಾಕಿ ನೋಡುವುದುಂಟು. ಜೊಲ್ಲಿನಲ್ಲಿರುವ ವೈರಾಣು ಕೈಯ ತರಚುಗಾಯದಿಂದ ಒಳಹೋದರೆ, ರೋಗಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಚಿಕಿತ್ಸೆಯಿಲ್ಲ. ಹಸುವಿಗೆ ರೇಬಿಸ್ ಇರಬಹುದೆಂದು ಪಶುವೈದ್ಯರಿಗೆ ಅನಿಸಿದ ಆ ದಿನವೇ ಮನೆಯವರೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರ ಸಲಹೆ ಪಡೆಯಬೇಕು. ಇಲ್ಲಿ ಒಬ್ಬ ವೈದ್ಯರ ಸಂದೇಹ ಮತ್ತೊಬ್ಬರಿಗೆ ಹೊತ್ತಿಗೆ ಮುಟ್ಟುವುದೇ ಪ್ರಾಣರಕ್ಷಣೆ.

ನಮ್ಮ ಪಾಲಿನ ಕೆಲಸ

ಇಲಾಖೆಗಳು ಕೂಡುವ ತನಕ ನಾವು ಕಾಯಬೇಕಾಗಿಲ್ಲ. ಎರಡೂ ಆಸ್ಪತ್ರೆಗಳ ಮೆಟ್ಟಿಲು ಹತ್ತುವವರು ನಾವೇ ಆದುದರಿಂದ ಸುದ್ದಿ ಮುಟ್ಟಿಸುವುದೂ ನಮ್ಮಿಂದಲೇ ಆಗಬೇಕು.

ಜ್ವರವೆಂದು ವೈದ್ಯರ ಬಳಿ ಹೋದಾಗ ಮನೆಯಲ್ಲಿ ಯಾವ ಪ್ರಾಣಿಗಳಿವೆ, ಯಾವುದಾದರೂ ಕಂದು ಹಾಕಿತೇ, ಸತ್ತಿತೇ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಬಹುದಿನದ ಜ್ವರವಿದ್ದರೆ ಪಶುವೈದ್ಯರಿಗೂ ತಿಳಿಸಬೇಕು. ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕುಡಿಯಬೇಕು. ನೊರೆಹಾಲು ಮಕ್ಕಳಿಗೆ ಬಲ ಕೊಡುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. ಕಂದು, ಮಾಸುಗಳನ್ನು ಕೈಗವಸು ತೊಟ್ಟು ತೆಗೆದು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ತಿಪ್ಪೆಗೆ ಎಸೆದರೆ ನಾಯಿಗಳು ಊರೆಲ್ಲ ಎಳೆದಾಡುತ್ತವೆ. ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಂದು ತಪ್ಪದೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಹಸುವಿನ ಆರೈಕೆಯನ್ನು ನಮ್ಮ ಹಿರಿಯರು ಮನೆಯ ಆರೈಕೆಯಿಂದ ಬೇರೆಯೆಂದು ಎಣಿಸಿರಲಿಲ್ಲ. ಮುಂದಿನ ಸಲ ಕರುವಿಗೆ ಲಸಿಕೆ ಹಾಕುವವರು ಊರಿಗೆ ಬಂದಾಗ, ಅವರು ನಮ್ಮ ಮಕ್ಕಳ ಆರೋಗ್ಯವನ್ನೂ ಕಾಯಲು ಬಂದಿದ್ದಾರೆಂದು ತಿಳಿದು ಕರುವನ್ನು ಮುಂದೆ ತಂದು ಹಿಡಿಯೋಣ.