ಓಟಗಾರರಿಗೆ ತೆರೆದ ಹಾದಿ: ಬೆಳಗಾವಿ ಕೋಟೆಯಿಂದ ಮಲಪ್ರಭೆಯ ದಡದವರೆಗೆ

ಬೆಳಗಾವಿ ನಗರ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಬಯಲುಸೀಮೆ ತೆರೆದುಕೊಂಡರೆ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು ಆರಂಭವಾಗುತ್ತದೆ. ಕೋಟೆ, ಕೆರೆ, ಗದ್ದೆ, ಗುಡ್ಡ, ನದಿ, ಅರಣ್ಯ ಇವೆಲ್ಲವೂ ಒಂದು ಗಂಟೆಯ ಪ್ರಯಾಣದೊಳಗೆ ಸಿಗುವ ಇಂಥ ನಗರಗಳು ಕರ್ನಾಟಕದಲ್ಲಿ ವಿರಳ. ನಸುಕಿನಲ್ಲಿ ಓಡುವವರ ಸಂಖ್ಯೆ ಹೆಚ್ಚುತ್ತಿರುವ ಈ ದಿನಗಳಲ್ಲಿ ಯಾವ ಹಾದಿ ಯಾರಿಗೆ ತಕ್ಕುದು, ಯಾವ ಕಾಲದಲ್ಲಿ ಓಡಬೇಕು, ಈ ಹಾದಿಗಳು ಎಷ್ಟು ಕಾಲ ಉಳಿದಾವು ಎಂಬುದನ್ನು ಅರಿಯುವುದು ಅಗತ್ಯ.

ನಗರದೊಳಗಿನ ಹಸಿರು

ಓಟವನ್ನು ಹೊಸದಾಗಿ ಆರಂಭಿಸುವವರಿಗೆ ಕೋಟೆಯ ಸುತ್ತಲಿನ ಪ್ರದೇಶ ಪ್ರಶಸ್ತ. ಕಂದಕದಿಂದ ಸುತ್ತುವರಿದ ಈ ಕೋಟೆಯೊಳಗೆ ರಟ್ಟರ ಕಾಲದಲ್ಲಿ, 1204ರಲ್ಲಿ ನಿರ್ಮಾಣಗೊಂಡ ಕಮಲ ಬಸದಿ ಇದೆ. ಎದುರಿಗಿರುವ ಕೋಟೆ ಕೆರೆಯ ದಂಡೆಯಲ್ಲಿ ನೆಲ ಸಮತಟ್ಟು; ಜನಸಂಚಾರವೂ ಇರುವುದರಿಂದ ಸುರಕ್ಷಿತ.

1818ರಲ್ಲಿ ಕೋಟೆ ಬ್ರಿಟಿಷರ ವಶವಾದ ಬಳಿಕ ಬೆಳೆದ ದಂಡುಪ್ರದೇಶವನ್ನು ಸ್ಥಳೀಯರು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಇಲ್ಲಿನ ರಸ್ತೆಗಳ ಇಕ್ಕೆಲಗಳಲ್ಲಿ ಹಳೆಯ ಮರಗಳ ನೆರಳಿದ್ದು, ಬೆಳಗಿನ ಹೊತ್ತು ವಾಹನಗಳ ಕಾಟ ಕಡಿಮೆ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವೂ ಇದೇ ನಗರದಲ್ಲಿದೆ. ಸೇನೆಯ ನಿರ್ಬಂಧಿತ ಆವರಣಗಳನ್ನು ಬಿಟ್ಟು ಸಾರ್ವಜನಿಕ ರಸ್ತೆಗಳಲ್ಲಷ್ಟೇ ಓಡಬೇಕು.

ದಕ್ಷಿಣಕ್ಕೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಇದೆ. ಸಿಡುಬಿನ ಲಸಿಕೆ ತಯಾರಿಕೆಗೆಂದು ಬ್ರಿಟಿಷರ ಕಾಲದಲ್ಲಿ ಮೀಸಲಾದ ಈ ವಿಶಾಲ ಆವರಣ ಇಂದು ನಗರದ ಶ್ವಾಸಕೋಶದಂತಿದೆ. ಮರಗಳ ನಡುವಿನ ಮಣ್ಣಿನ ಹಾದಿ ಇದರ ವಿಶೇಷ. ಡಾಂಬರಿನ ಮೇಲೆ ಪ್ರತಿ ಹೆಜ್ಜೆಯೂ ಒಂದೇ ಬಗೆಯಲ್ಲಿ ಬೀಳುವುದರಿಂದ ಅವವೇ ಸ್ನಾಯುಗಳು ದಣಿಯುತ್ತವೆ. ಮಣ್ಣಿನ ಹಾದಿಯಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ಕೋನ ಬದಲಾಗುವುದರಿಂದ ಭಾರ ಹಂಚಿಕೆಯಾಗುತ್ತದೆ, ಪಾದದ ಕೀಲು ಬಲಗೊಳ್ಳುತ್ತದೆ. ಆದರೆ ಬೇರು, ಕಲ್ಲುಗಳ ಮೇಲೆ ಗಮನವಿಡದಿದ್ದರೆ ಕಾಲು ಉಳುಕುವ ಅಪಾಯವೂ ಉಂಟು. ಸಮೀಪದಲ್ಲಿಯೇ 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ನೀರುಣಿಸಿದ ಕಾಂಗ್ರೆಸ್ ಬಾವಿಯನ್ನು ಕಾಣಬಹುದು.

ಗದ್ದೆಗಳ ನಡುವೆ ಯಳ್ಳೂರಿಗೆ

ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಬಲ್ಲವರಿಗೆ ಯಳ್ಳೂರಿನ ದಿಕ್ಕು ಪ್ರಿಯವಾದುದು. ಶಹಾಪುರ, ವಡಗಾವಿಯ ಮನೆಗಳ ಸಾಲು ಮುಗಿಯುತ್ತಲೇ ಭತ್ತದ ಗದ್ದೆಗಳು ಎದುರಾಗುತ್ತವೆ. ದೂರದಲ್ಲಿ ಗುಡ್ಡದ ನೆತ್ತಿಯ ಮೇಲೆ ಯಳ್ಳೂರಗಡ, ಅಂದರೆ ರಾಜಹಂಸಗಡ ಕಾಣುತ್ತದೆ. ನಗರದಿಂದ ಸುಮಾರು 15 ಕಿ.ಮೀ. ದೂರದ ಈ ಕೋಟೆಯವರೆಗೂ ಡಾಂಬರು ರಸ್ತೆ ಇದೆ. ಕೊನೆಯ ಏರು ಕಠಿಣ. ಅಲ್ಲಿ ಓಡುವ ಹಟ ಬಿಟ್ಟು ಬಿರುನಡಿಗೆಯಲ್ಲಿ ಹತ್ತುವುದೇ ಜಾಣತನ. ಏರುವಾಗ ದಣಿಯುವುದು ಉಸಿರು. ಇಳಿಯುವಾಗ ಪೆಟ್ಟು ತಿನ್ನುವುದು ಮೊಣಕಾಲು. ಆದ್ದರಿಂದ ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆಗಳನ್ನಿಡುವುದು ಒಳಿತು.

ಗದ್ದೆಗಳ ನಡುವೆ ಬಂಡಿದಾರಿಗಳೂ ಕಾಲುದಾರಿಗಳೂ ಇವೆ. ಇವು ಓಟಗಾರರಿಗಾಗಿ ಹುಟ್ಟಿದವಲ್ಲ. ಎತ್ತು, ನೇಗಿಲು, ಗೊಬ್ಬರದ ಬಂಡಿ ಹೊಲ ಮುಟ್ಟಲೆಂದು ತಲೆಮಾರುಗಳಿಂದ ರೂಢಿಯಾದವು. ನಗರ ಬೆಳೆದಂತೆ ಇವು ಕಿರಿದಾಗುತ್ತಿವೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗಾಗಿ ಇದೇ ಫಲವತ್ತಾದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದನ್ನು ರೈತರು ವರ್ಷಗಳ ಕಾಲ ವಿರೋಧಿಸಿದರು. ಓಟಗಾರನಿಗೆ ನೋಟವಾಗಿರುವುದು ರೈತನಿಗೆ ಅನ್ನ ಎಂಬುದನ್ನು ಮರೆಯುವಂತಿಲ್ಲ.

ಖಾನಾಪುರ: ನದಿ, ಇತಿಹಾಸ, ಅರಣ್ಯ

ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೆ ಹೆದ್ದಾರಿಯ ಮೇಲೆ ಓಡಿ ಹೋಗುವ ಯೋಚನೆ ಬೇಡ. ಅತಿ ವೇಗದ ವಾಹನಗಳ ನಡುವೆ ಅದು ಅಪಾಯಕರ. ಬದಲಿಗೆ ಲೋಂಡಾ ಮಾರ್ಗದ ರೈಲಿನಲ್ಲಿ ಅಥವಾ ಬಸ್ಸಿನಲ್ಲಿ ಪಟ್ಟಣ ತಲುಪಿ, ಅಲ್ಲಿಂದ ಒಳರಸ್ತೆಗಳನ್ನು ಹಿಡಿಯಬಹುದು.

ಮೊದಲನೆಯದು ಮಲಪ್ರಭೆಯ ಹಾದಿ. ತಾಲ್ಲೂಕಿನ ಪಶ್ಚಿಮ ಅಂಚಿನ ಕಣಕುಂಬಿಯಲ್ಲಿ ಹುಟ್ಟುವ ನದಿ ಖಾನಾಪುರ ಪಟ್ಟಣವನ್ನು ಹಾದು ಪೂರ್ವಕ್ಕೆ ಹರಿಯುತ್ತದೆ. ಪಟ್ಟಣದ ಸಮೀಪದ ಅಸೋಗಾದಲ್ಲಿ ನದಿಯ ದಡದಲ್ಲಿಯೇ ರಾಮಲಿಂಗೇಶ್ವರ ದೇವಸ್ಥಾನವಿದೆ. ಹೋಗಿ ಬರುವ ಈ ದೂರ ಸಾಧಾರಣ ಓಟಗಾರನಿಗೂ ಎಟಕುವಂಥದು.

ಎರಡನೆಯದು ಇತಿಹಾಸದ ಹಾದಿ. ಖಾನಾಪುರದಿಂದ ನಂದಗಡದ ಮೂಲಕ ಹಲಸಿಗೆ ಸುಮಾರು 14 ಕಿ.ಮೀ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊರುತ್ತಾರೆ. ಹಲಸಿ ಕದಂಬರ ಕಾಲದ ಪಲಾಶಿಕಾ. ಭೂವರಾಹ ನರಸಿಂಹ ದೇವಾಲಯ ಅಲ್ಲಿದೆ. ನಸುಕಿನಲ್ಲಿ ಹೊರಟು ಹಲಸಿಯಲ್ಲಿ ವಿರಮಿಸಿ, ಬಸ್ಸಿನಲ್ಲಿ ಮರಳುವ ಯೋಜನೆ ಸೂಕ್ತ.

ಮೂರನೆಯದು ಕಾಡಿನ ದಿಕ್ಕು. ಇಲ್ಲಿ ಎಚ್ಚರ ಹೆಚ್ಚು ಬೇಕು. 2011ರಲ್ಲಿ ಭೀಮಗಡ ವನ್ಯಜೀವಿ ಧಾಮವನ್ನು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವುದನ್ನು ಬಿಟ್ಟು ಧಾಮದೊಳಗೆ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ತಾಲ್ಲೂಕಿನ ಕಾಡುಗಳಲ್ಲಿ ಕರಡಿ, ಆನೆಗಳಿವೆ. ಕರಡಿಗೆ ದೃಷ್ಟಿ ಮಂದ. ಹಠಾತ್ತನೆ ಎದುರಾದವರ ಮೇಲೆ ಅದು ಗಾಬರಿಯಿಂದ ಎರಗುತ್ತದೆ. ಸದ್ದಿಲ್ಲದೆ ವೇಗವಾಗಿ ಬರುವ ಓಟಗಾರ ಈ ಕಾರಣಕ್ಕಾಗಿಯೇ ನಡೆದು ಬರುವವನಿಗಿಂತ ಹೆಚ್ಚು ಅಪಾಯಕ್ಕೆ ಒಳಗಾಗುತ್ತಾನೆ. ಕಾಡಂಚಿನ ಊರುಗಳಲ್ಲಿ ಬೆಳಕು ಹರಿದ ಮೇಲೆಯೇ, ಇಬ್ಬರು ಮೂವರು ಜೊತೆಯಾಗಿ, ಮಾತನಾಡುತ್ತ ಓಡಬೇಕು.

ಕಾಲ ಯಾವುದು?

ನವೆಂಬರಿನಿಂದ ಫೆಬ್ರುವರಿಯವರೆಗಿನ ಚಳಿಗಾಲ ಅತ್ಯುತ್ತಮ. ಓಡುವಾಗ ದೇಹದಲ್ಲಿ ಹುಟ್ಟುವ ಶಾಖವು ಬೆವರು ಆವಿಯಾಗುವುದರ ಮೂಲಕ ಹೊರಹೋಗಬೇಕು. ತಂಪಾದ ಒಣ ಗಾಳಿಯಲ್ಲಿ ಇದು ಸುಲಭ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವಾಂಶ ತುಂಬಿರುವುದರಿಂದ ಬೆವರು ಆರದು; ತಂಪೆನಿಸಿದರೂ ದಣಿವು ಬೇಗ. ಇದೇ ತಾಲ್ಲೂಕಿನ ಆಮಗಾಂವ್, ಕಣಕುಂಬಿ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನದಿಯ ದಡ ಜಾರುತ್ತದೆ, ಹಳ್ಳಗಳು ದಿಢೀರನೆ ಏರುತ್ತವೆ, ಜಿಗಣೆಗಳ ಕಾಟವೂ ಉಂಟು. ಆಗ ನಗರದೊಳಗಿನ ಹಾದಿಗಳೇ ಕ್ಷೇಮ. ಬೇಸಗೆಯಲ್ಲಿ ಸೂರ್ಯೋದಯದ ಒಂದು ಗಂಟೆಯೊಳಗೆ ಓಟ ಮುಗಿಸುವುದು ಒಳ್ಳೆಯದು.

ಇಂಗ್ಲೆಂಡಿನ ಪಾಠ

ಗ್ರಾಮಾಂತರದಲ್ಲಿ ಓಡುವ ಹವ್ಯಾಸಕ್ಕೆ ಇಂಗ್ಲೆಂಡ್ ಹೆಸರಾದ ದೇಶ. ಅಲ್ಲಿನ ಓಟಗಾರ ಹೊಲ, ಹುಲ್ಲುಗಾವಲುಗಳ ನಡುವೆ ನಿಶ್ಚಿಂತೆಯಿಂದ ಸಾಗುವುದು ಕೇವಲ ಭೂದೃಶ್ಯದ ಬಲದಿಂದಲ್ಲ, ಕಾನೂನಿನ ಬಲದಿಂದ. 1949ರ ಕಾಯ್ದೆಯೊಂದು ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಲು ಸ್ಥಳೀಯ ಆಡಳಿತಗಳಿಗೆ ಹೊಣೆ ವಹಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2.25 ಲಕ್ಷ ಕಿ.ಮೀ. ಹೊಲದ ನಡುವಿನ ಕಾಲುದಾರಿಯನ್ನು ರೈತ ಉತ್ತರೂ ನಿಗದಿತ ಅವಧಿಯೊಳಗೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗಿಸಬೇಕು.

ಕರ್ನಾಟಕದಲ್ಲಿಯೂ ಇದಕ್ಕೆ ಸಮೀಪವಾದುದೊಂದಿದೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಲಾಗಿದೆ. ರೈತರು ಇವನ್ನೇ ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಇಂಥ ದಾರಿ ಒತ್ತುವರಿಯಾದರೆ ತೆರವಿಗಾಗಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬಹುದು. ಆದರೆ ಈ ದಾರಿಗಳು ನೆನಪಾಗುವುದು ಹೊಲಕ್ಕೆ ಹೋಗುವ ವ್ಯಾಜ್ಯ ಎದ್ದಾಗ ಮಾತ್ರ. ನಡೆಯುವ, ಓಡುವ ಸಾರ್ವಜನಿಕರ ಆಸ್ತಿಯೆಂದು ಅವನ್ನು ಕಂಡವರು ಕಡಿಮೆ. ಬಳಸದ ದಾರಿಯನ್ನು ಮುಳ್ಳುಕಂಟಿಯೋ ಬೇಲಿಯೋ ನುಂಗುತ್ತದೆ. ಬಳಕೆಯಲ್ಲಿರುವ ದಾರಿಯನ್ನು ಮುಚ್ಚುವುದು ಸುಲಭವಲ್ಲ.

ಹಾಗೆಂದು ಎಲ್ಲ ಬದುಗಳೂ ದಾರಿಗಳಲ್ಲ. ಎರಡು ಹೊಲಗಳ ನಡುವಿನ ಬದು ಒಡೆಯನ ಸ್ವತ್ತು, ಕೇಳಿಯೇ ಕಾಲಿಡಬೇಕು. ಬೆಳೆ ನಿಂತಿರುವಾಗ ಬದು ತುಳಿಯಬಾರದು, ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು, ದನಕರುಗಳು ಎದುರಾದರೆ ಓಟ ನಿಲ್ಲಿಸಿ ದಾರಿ ಬಿಡಬೇಕು. ಖಾನಾಪುರದ ಹಳ್ಳಿಗಳಲ್ಲಿ ಕನ್ನಡವೂ ಮರಾಠಿಯೂ ಕೇಳಿಬರುತ್ತವೆ. ‘ನಮಸ್ಕಾರ’ ಎಂಬ ಮಾತು ಎರಡರಲ್ಲಿಯೂ ಒಂದೇ. ಕಾನೂನಿನ ಪೂರ್ಣ ಆಸರೆ ಇಲ್ಲದ ಕಡೆ ಹಾದಿಯನ್ನು ತೆರೆದಿಡುವುದು ಊರವರ ಸೌಜನ್ಯ. ಅದನ್ನು ಉಳಿಸಿಕೊಳ್ಳುವ ಹೊಣೆ ಓಟಗಾರನದು.