ಯೆಹೂದ್ಯರ ಮಾಧ್ಯಮಿಕ ಶಾಲೆಯಲ್ಲಿ ಎರಡು ಪಾಠಕ್ರಮ

ಪರನಾಡಿನಲ್ಲಿ ನೆಲೆಸಿದ ಜನರು ತಮ್ಮ ಮಕ್ಕಳಿಗೆ ತಮ್ಮ ನುಡಿಯನ್ನೂ ನಡೆಯನ್ನೂ ಹೇಗೆ ಕಲಿಸಬೇಕೆಂಬುದು ನಮಗೆ ಮಾತ್ರ ಬಂದೊದಗಿದ ಪ್ರಶ್ನೆಯಲ್ಲ. ಸುಮಾರು ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಯನ್ನು ಎದುರಿಸುತ್ತ ಬಂದವರು ಯೆಹೂದ್ಯರು. ಅವರು ನೆಲೆಸಿದ ದೇಶಗಳು ಹಲವು; ಮನೆಯಲ್ಲಿ ಆಡಿದ ಭಾಷೆಗಳೂ ಹಲವು. ಆದರೂ ತಮ್ಮ ಹೀಬ್ರೂ ಅಕ್ಷರವನ್ನು ಅವರು ಕೈಬಿಡಲಿಲ್ಲ. ಇದಕ್ಕೆ ಪ್ರಾರ್ಥನಾಮಂದಿರವೊಂದೇ ಕಾರಣವಲ್ಲ, ಪಾಠಶಾಲೆಯೂ ಕಾರಣ. ಅಂಥ ಶಾಲೆಗಳಲ್ಲಿ ೧೧ರಿಂದ ೧೪ ವರ್ಷದ ಮಕ್ಕಳಿಗೆ, ಎಂದರೆ ನಮ್ಮ ೬, ೭, ೮ನೆಯ ತರಗತಿಯ ವಯಸ್ಸಿನವರಿಗೆ, ಏನನ್ನು ಯಾವ ಕ್ರಮದಲ್ಲಿ ಕಲಿಸುತ್ತಾರೆಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದ್ದೇವೆ. ಈ ಊರಿನಲ್ಲಿ ದುಡಿಯುತ್ತಿರುವ ಕನ್ನಡಿಗ ತಂದೆತಾಯಿಗಳಿಗೆ ಇದರಿಂದ ಪ್ರಯೋಜನವಾದೀತೆಂದು ನಮ್ಮ ನಂಬಿಕೆ.

ನಮ್ಮ ದೇಶದ ಯೆಹೂದ್ಯರು

ಯೆಹೂದ್ಯರು ಈ ನಗರಕ್ಕೆ ಅಪರಿಚಿತರಲ್ಲ. ಜಾರ್ಜ್ ಟೌನಿನಲ್ಲಿ ಕೆಲಸ ಮಾಡುವವರು ಹವಳದ ವರ್ತಕರ ಬೀದಿಯನ್ನು ಕಂಡಿರಬಹುದು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ಯೆಹೂದಿ ವರ್ತಕರು ಹವಳವನ್ನು ತಂದು ಮಾರಿ, ಗೋಲ್ಕೊಂಡದ ವಜ್ರವನ್ನು ಕೊಂಡು ಒಯ್ಯುತ್ತಿದ್ದರು. ೧೬೮೮ರಲ್ಲಿ ಮದರಾಸಿನ ನಗರಸಭೆ ಆರಂಭವಾದಾಗ ಅದರ ಸದಸ್ಯರಲ್ಲಿ ಯೆಹೂದ್ಯರೂ ಇದ್ದರು. ಆದರೆ ಇಲ್ಲಿ ಅವರ ಸಂಖ್ಯೆ ಅತ್ಯಲ್ಪ. ಅವರ ಶಾಲೆಗಳನ್ನು ನೋಡಬೇಕಾದರೆ ಮುಂಬಯಿಗೂ ಕಲ್ಕತ್ತೆಗೂ ಹೋಗಬೇಕು.

ಕೊಂಕಣ ತೀರದಲ್ಲಿ ಗಾಣವಾಡಿಸಿ ಎಣ್ಣೆ ತೆಗೆದು ಬಾಳುತ್ತಿದ್ದ ಬೆನೆ ಇಸ್ರೇಲ್ ಎಂಬ ಯೆಹೂದ್ಯರು ಮರಾಠಿಯನ್ನಾಡುತ್ತಿದ್ದರು. ಶನಿವಾರ ಗಾಣ ಕಟ್ಟದ ಕಾರಣ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಹೀಬ್ರೂ ಭಾಷೆ ಅವರಿಗೆ ಬಹುಮಟ್ಟಿಗೆ ಮರೆತುಹೋಗಿತ್ತು. ಕೆಲವು ಪ್ರಾರ್ಥನಾವಾಕ್ಯಗಳು ಮಾತ್ರ ಉಳಿದಿದ್ದವು. ಮುಂದೆ ಕೊಚ್ಚಿಯಿಂದ ಬಂದ ಉಪಾಧ್ಯಾಯರು ಅವರಿಗೆ ಅಕ್ಷರವನ್ನೂ ಪ್ರಾರ್ಥನೆಯನ್ನೂ ಮರಳಿ ಕಲಿಸಿದರು. ಈ ಜನ ಮುಂಬಯಿಗೆ ಬಂದು ಗುಮಾಸ್ತರಾಗಿ, ಕುಶಲ ಕೆಲಸಗಾರರಾಗಿ, ಸಿಪಾಯಿಗಳಾಗಿ ಸೇರಿಕೊಂಡರು. ೧೮೭೫ರಲ್ಲಿ ಹಾಯಿಮ್ ಸಾಮ್ಯುಯೆಲ್ ಕೆಹಿಮ್ಕರ್ ಎಂಬವರ ಶ್ರಮದಿಂದ ಅವರ ಮಕ್ಕಳಿಗೆ ‘ಇಸ್ರೇಲೈಟ್ ಶಾಲೆ’ ಹುಟ್ಟಿತು. ಸರ್ ಎಲ್ಲಿ ಕದೂರಿ ಎಂಬ ದಾನಿಯ ಹೆಸರನ್ನು ಅದು ಮುಂದೆ ಪಡೆಯಿತು. ಒಮ್ಮೆ ಮರೆತುಹೋದ ಅಕ್ಷರವನ್ನು ಸಾಮಾನ್ಯ ಸಂಬಳದ ಜನರೂ ಮತ್ತೆ ಗಳಿಸಬಹುದೆಂಬುದಕ್ಕೆ ಇದು ನಿದರ್ಶನ.

ದಿನಚರಿ

ಯೆಹೂದಿ ಹಗಲು ಶಾಲೆಯ ಮುಖ್ಯ ಲಕ್ಷಣವೆಂದರೆ ಒಂದೇ ಸೂರಿನ ಕೆಳಗೆ ಎರಡು ಪಾಠಕ್ರಮಗಳಿರುವುದು. ಮೊದಲನೆಯದು ಆಯಾ ದೇಶದ ಸರಕಾರ ಒಪ್ಪುವ ಗಣಿತ, ವಿಜ್ಞಾನ, ದೇಶಭಾಷೆ, ಚರಿತ್ರೆ ಮುಂತಾದವು. ಎರಡನೆಯದು ಹೀಬ್ರೂ ಭಾಷೆ, ಧರ್ಮಗ್ರಂಥ, ಆಚಾರ, ತಮ್ಮ ಜನಾಂಗದ ಚರಿತ್ರೆ. ಅನೇಕ ಶಾಲೆಗಳಲ್ಲಿ ಬೆಳಿಗ್ಗೆ ಪ್ರಾರ್ಥನೆಯೊಡನೆ ಧರ್ಮಪಾಠ, ಮಧ್ಯಾಹ್ನದ ಮೇಲೆ ಲೌಕಿಕ ಪಾಠ. ಹೀಗಾಗಿ ಶಾಲೆಯ ದಿನ ಸಾಮಾನ್ಯ ಶಾಲೆಗಿಂತ ದೀರ್ಘವಾಗುತ್ತದೆ. ಶುಕ್ರವಾರ ಮಾತ್ರ ಬೇಗ ಬಿಡುತ್ತಾರೆ. ಆ ಸಂಜೆ ಸೂರ್ಯಾಸ್ತದಿಂದಲೇ ಅವರ ವಿಶ್ರಾಂತಿದಿನ ಮೊದಲಾಗುತ್ತದೆ. ಈ ಏರ್ಪಾಟಿಗೆ ಶ್ರಮವೂ ಹೆಚ್ಚು, ಖರ್ಚೂ ಹೆಚ್ಚು. ಅಮೆರಿಕದಲ್ಲಿ ಇಂಥ ಶಾಲೆಗಳು ಎರಡನೆಯ ಮಹಾಯುದ್ಧದ ನಂತರವೇ ದೊಡ್ಡ ಸಂಖ್ಯೆಯಲ್ಲಿ ಬೆಳೆದವು. ಅವುಗಳನ್ನು ಊರೂರಿನಲ್ಲಿ ಸ್ಥಾಪಿಸಲೆಂದು ‘ತೋರಾ ಉಮೆಸೋರಾ’ ಎಂಬ ಸಂಘವು ೧೯೪೪ರಲ್ಲಿ ಹುಟ್ಟಿತು.

ಮೂಲವೂ ವ್ಯಾಖ್ಯಾನವೂ

ಚಿಕ್ಕ ತರಗತಿಗಳಲ್ಲಿ ಮಗು ಅಕ್ಷರವನ್ನೂ ಕಥೆಗಳನ್ನೂ ಕಲಿಯುತ್ತದೆ. ಹೀಬ್ರೂ ಲಿಪಿಯ ಅಕ್ಷರಗಳು ಬಹುಪಾಲು ವ್ಯಂಜನಗಳು. ಸ್ವರವನ್ನು ಸೂಚಿಸಲು ಸುತ್ತ ಚುಕ್ಕೆಗಳನ್ನಿಡುತ್ತಾರೆ. ಬೆಳೆದವರ ಬರಹದಲ್ಲಿ ಈ ಚುಕ್ಕೆಗಳಿರುವುದಿಲ್ಲ. ಕನ್ನಡದಲ್ಲಿ ಕ, ಲ ಎಂಬೆರಡು ಅಕ್ಷರಗಳನ್ನು ಮಾತ್ರ ಬರೆದರೆ ಅದು ಕಲೆಯೋ, ಕಾಲವೋ, ಕೀಲೋ, ಕೋಲೋ ಎಂದು ಸಂದರ್ಭವನ್ನು ನೋಡಿ ಊಹಿಸಬೇಕಾಗುವುದಷ್ಟೆ? ಹಾಗೆ ಚುಕ್ಕೆಯಿಲ್ಲದ ಬರಹವನ್ನು ಓದುವ ಅಭ್ಯಾಸ ಬಲಿಯುವುದು ಮಾಧ್ಯಮಿಕ ತರಗತಿಗಳಲ್ಲಿ.

ಎರಡನೆಯ ಮೆಟ್ಟಲು ವ್ಯಾಖ್ಯಾನ. ಅವರ ಮೂಲಗ್ರಂಥ ತೋರಾ, ಎಂದರೆ ಮೋಶೆಯ ಐದು ಪುಸ್ತಕಗಳು. ಅದನ್ನು ರಾಶಿ ಎಂಬ ಪಂಡಿತನ ಟೀಕೆಯೊಡನೆ ಓದಿಸುತ್ತಾರೆ. ಫ್ರಾನ್ಸಿನ ಈ ಪಂಡಿತ (೧೦೪೦–೧೧೦೫) ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಸಮಕಾಲೀನ. ಇಲ್ಲಿ ಏನೋ ತೊಡಕಿದೆ, ಆದ್ದರಿಂದಲೇ ಟೀಕಾಕಾರ ಮಾತನಾಡಿದ್ದಾನೆ. ಆ ತೊಡಕು ಯಾವುದು? ಎಂದು ಉಪಾಧ್ಯಾಯರು ಮಕ್ಕಳನ್ನು ಕೇಳುತ್ತಾರೆ. ಮಗು ಉತ್ತರವನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನು ಹುಡುಕಬೇಕು. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸ ಭಾರತವನ್ನು ಗಮಕಿಗಳು ವಾಚಿಸಿದಾಗ ಪಕ್ಕದಲ್ಲಿ ಕುಳಿತವರು ಅರ್ಥ ಬಿಡಿಸುವ ಪದ್ಧತಿಯುಂಟು. ಅದನ್ನು ಕೇಳಿದವರಿಗೆ ಈ ಕ್ರಮ ಹೊಸದೆನಿಸದು.

ಮೂರನೆಯದು ಮಿಷ್ನಾ ಮತ್ತು ತಾಲ್ಮೂದ್. ಮಿಷ್ನಾ ಎಂಬುದು ಕ್ರಿ. ಶ. ೨೦೦ರ ಸುಮಾರಿಗೆ ಸಂಗ್ರಹವಾದ ಧರ್ಮನಿರ್ಣಯಗಳ ಗ್ರಂಥ. ಅದರ ಮೇಲಿನ ಚರ್ಚೆಯೇ ತಾಲ್ಮೂದ್. ಅದರ ಪುಟದ ನಡುವೆ ಮೂಲ, ಸುತ್ತಲೂ ಟೀಕೆಗಳು. ೧೫೨೦–೨೩ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಪ್ರತಿಯ ಪುಟಸಂಖ್ಯೆಯೇ ಇಂದಿಗೂ ಎಲ್ಲೆಡೆ ನಡೆಯುತ್ತಿದೆ. ಇಷ್ಟು ಗಹನವಾದ ಗ್ರಂಥವನ್ನು ಹನ್ನೆರಡು ವರ್ಷದ ಮಗುವಿಗೆ ಎಲ್ಲಿಂದ ಆರಂಭಿಸುತ್ತಾರೆ? ದೇವರ ಸ್ವರೂಪದಿಂದಲ್ಲ, ಅನೇಕ ಶಾಲೆಗಳಲ್ಲಿ ಮೊದಲ ಪಾಠ ಬಿದ್ದು ಸಿಕ್ಕಿದ ವಸ್ತುವಿನದು. ದಾರಿಯಲ್ಲಿ ಚೆಲ್ಲಿದ ಬಿಡಿ ನಾಣ್ಯ ಸಿಕ್ಕಿದರೆ ಅದು ಸಿಕ್ಕಿದವನದು. ಚೀಲದೊಳಗಿನ ಹಣ ಸಿಕ್ಕಿದರೆ ಡಂಗುರ ಹೊಡೆದು ಒಡೆಯನನ್ನು ಹುಡುಕಬೇಕು. ಏಕೆ? ಚೀಲಕ್ಕೆ ಗುರುತುಂಟು, ಬಿಡಿ ನಾಣ್ಯಕ್ಕಿಲ್ಲ. ಗುರುತು ಹೇಳಲಾರದ ಒಡೆಯ ಆಸೆ ಬಿಟ್ಟಿರುತ್ತಾನೆ. ಆಸೆ ಬಿಟ್ಟನೆಂದು ನಮಗೆ ಹೇಗೆ ಗೊತ್ತು? ಕಳೆದುದೇ ಅವನಿಗೆ ಇನ್ನೂ ತಿಳಿದಿಲ್ಲದಿದ್ದರೆ? ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಬೆಳೆಯುತ್ತದೆ. ಪ್ಯಾರಿ ಕಾರ್ನರಿನ ಬಸ್ ನಿಲ್ದಾಣದಲ್ಲಿ ಪರ್ಸು ಸಿಕ್ಕಿದ ಹುಡುಗನಿಗೂ ಇದು ಉಪಯೋಗಕ್ಕೆ ಬರುವ ವಿದ್ಯೆಯೇ.

ಈ ಪಾಠವನ್ನು ಇಬ್ಬಿಬ್ಬರು ಜೊತೆಯಾಗಿ ಕುಳಿತು ಗಟ್ಟಿಯಾಗಿ ಓದಿ ವಾದಿಸುವುದು ವಾಡಿಕೆ. ಈ ಜೋಡಿಗೆ ಅವರು ‘ಹವ್ರೂತಾ’ ಎನ್ನುತ್ತಾರೆ. ಗೆಳೆತನವೆಂದು ಅದರ ಅರ್ಥ.

ಹದಿಮೂರನೆಯ ವರ್ಷ

ಗಂಡುಮಗುವಿಗೆ ೧೩, ಹೆಣ್ಣುಮಗುವಿಗೆ ೧೨ ವರ್ಷ ತುಂಬಿದಾಗ ಧರ್ಮದ ಹೊಣೆ ಅವರವರ ತಲೆಯ ಮೇಲೆ ಬರುತ್ತದೆ. ಆಗ ಹುಡುಗನನ್ನು (ಹಲವು ಪಂಗಡಗಳಲ್ಲಿ ಹುಡುಗಿಯನ್ನೂ) ಸಭೆಯ ಮುಂದೆ ಕರೆದು ತೋರಾ ಸುರುಳಿಯಿಂದ ಓದಿಸುತ್ತಾರೆ. ಸುರುಳಿಯಲ್ಲಿ ಸ್ವರದ ಚುಕ್ಕೆಯೂ ಇಲ್ಲ, ರಾಗದ ಗುರುತೂ ಇಲ್ಲ. ಇದಕ್ಕಾಗಿ ಮಗು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ತೋರಾವನ್ನು ೫೪ ಭಾಗಗಳಾಗಿ ವಿಂಗಡಿಸಿ ವಾರವಾರ ಓದಿ ವರ್ಷಕ್ಕೊಮ್ಮೆ ಮುಗಿಸುವ ಪದ್ಧತಿ ಇರುವುದರಿಂದ, ಶಾಲೆಯ ಪಾಠ, ಮನೆಯ ಮಾತು, ಸಭೆಯ ವಾಚನ ಮೂರೂ ಆ ವಾರ ಒಂದೇ ಆಗಿರುತ್ತವೆ. ಪರೀಕ್ಷೆಯ ಅಂಕಕ್ಕಿಂತ ಈ ಸಭೆಯ ಓದು ಮಗುವಿನ ಮನಸ್ಸನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ನಮ್ಮ ಮಕ್ಕಳ ಸ್ಥಿತಿ

ಈಗ ನಮ್ಮ ಕಡೆ ನೋಡೋಣ. ಅಲ್ಪಸಂಖ್ಯಾತರು ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂದು ನಮ್ಮ ರಾಜ್ಯಾಂಗದ ೩೦ನೆಯ ಅನುಚ್ಛೇದ ಹೇಳುತ್ತದೆ. ೧೯೫೬ರಲ್ಲಿ ಸೇರಿಸಿದ ೩೫೦–ಎ ಅನುಚ್ಛೇದವು ಮಾತೃಭಾಷೆಯಲ್ಲಿ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ತಮಿಳುನಾಡಿನಲ್ಲಿ ೧೯೬೮ರಿಂದ ದ್ವಿಭಾಷಾ ನೀತಿ ನಡೆಯುತ್ತಿದೆ. ೨೦೦೬ರ ತಮಿಳು ಕಲಿಕೆಯ ಕಾನೂನಿನಂತೆ ಮೊದಲನೆಯ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಗಣಿತ ವಿಜ್ಞಾನಾದಿಗಳು. ಕನ್ನಡದಂಥ ಮಾತೃಭಾಷೆಗೆ ನಾಲ್ಕನೆಯ ಭಾಗದಲ್ಲಿ, ಐಚ್ಛಿಕ ವಿಷಯವಾಗಿ ಸ್ಥಳ. ಈ ಕಾನೂನಿನ ಮೊದಲ ತಂಡದ ಮಕ್ಕಳು ೨೦೧೬ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗ ಅಲ್ಪಸಂಖ್ಯಾತ ಭಾಷೆಯವರು ಉಚ್ಚ ನ್ಯಾಯಾಲಯಕ್ಕೆ ಹೋಗಿ ವಿನಾಯಿತಿ ಪಡೆಯಬೇಕಾಯಿತು.

ತಾಳವಾಡಿಯಲ್ಲೂ ಹೊಸೂರಿನ ಸುತ್ತಲೂ ಕನ್ನಡಿಗರು ಒಟ್ಟಾಗಿ ನೆಲೆಸಿರುವುದರಿಂದ ಕನ್ನಡ ಶಾಲೆಗಳುಂಟು. ಚೆನ್ನೈಯಲ್ಲಿ ನಾವು ಬೀದಿಗೊಬ್ಬರಂತೆ ಚದರಿಹೋಗಿದ್ದೇವೆ. ಇಲ್ಲಿಯ ಮಗು ಐದನೆಯ ತರಗತಿಯವರೆಗೆ ಅಜ್ಜಿಯ ಕಥೆಯಿಂದ ಕನ್ನಡವನ್ನು ಉಳಿಸಿಕೊಳ್ಳುತ್ತದೆ. ಆರನೆಯ ತರಗತಿಗೆ ಬಂದಾಗ ಪಾಠದ ಭಾರ ಹೆಚ್ಚುತ್ತದೆ, ಮೊದಲು ಬಿಟ್ಟುಹೋಗುವುದು ಕನ್ನಡದ ಪುಸ್ತಕ. ಹದಿನೈದಕ್ಕೆ ಬರುವ ವೇಳೆಗೆ ಮಾತು ಉಳಿದು ಓದು ಹೋಗಿರುತ್ತದೆ. ಊರಿನಿಂದ ಬಂದ ಕಾಗದವನ್ನು ತಂದೆಯೇ ಓದಿ ಹೇಳಬೇಕು.

ತಮಿಳನ್ನು ದೂರಿ ಪ್ರಯೋಜನವಿಲ್ಲ. ಅದು ನಮಗೆ ಅನ್ನ ಕೊಡುವ ನಾಡಿನ ಭಾಷೆ. ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಯೆಹೂದಿ ಶಾಲೆಗಳೂ ದೇಶಭಾಷೆಯನ್ನು ಬಿಟ್ಟುಕೊಡಲಿಲ್ಲ. ಅವರಂತೆ ಅರ್ಧ ದಿನವನ್ನು ನಾವು ಕೊಡಲಾರೆವು. ಆದರೆ ಮೂರು ಅಂಶಗಳನ್ನು ಖರ್ಚಿಲ್ಲದೆ ಎರವಲು ತರಬಹುದು. ಒಂದು, ವಾರಕ್ಕೊಂದು ನಿಶ್ಚಿತ ಪಾಠ: ಸೋಮೇಶ್ವರ ಶತಕದ ಒಂದು ಪದ್ಯವೋ, ಒಂದು ವಚನವೋ, ಪತ್ರಿಕೆಯ ಒಂದು ಸುದ್ದಿಯೋ ಆಗಬಹುದು, ಮನೆಮಂದಿಯೆಲ್ಲ ಅದನ್ನೇ ಓದಬೇಕು. ಎರಡು, ಜೋಡಿ: ನೆರೆಯ ಕನ್ನಡಿಗರ ಮಗುವನ್ನು ಜೊತೆಗೆ ಕೂರಿಸಿ, ಅರ್ಥವನ್ನು ನಾವೇ ಹೇಳಿಬಿಡದೆ ಅವರೇ ವಾದಿಸಲಿ. ಮೂರು, ಸಭೆ: ಹದಿಮೂರು ತುಂಬಿದ ಮಗು ಹತ್ತು ಜನರ ಮುಂದೆ ಒಂದು ಪುಟ ಕನ್ನಡವನ್ನು ತಡವರಿಸದೆ ಓದಲಿ. ಅದಕ್ಕೆ ಓದುವ ಕೊಠಡಿಯ ಮೇಜೇ ಸಾಕು.

ಕಟ್ಟಡವನ್ನೊಂದನ್ನೇ ನಂಬುವಂತಿಲ್ಲ. ೧೯೪೮ರಲ್ಲಿ ಇಸ್ರೇಲ್ ರಾಜ್ಯ ಸ್ಥಾಪನೆಯಾದ ಮೇಲೆ ನಮ್ಮ ದೇಶದ ಯೆಹೂದ್ಯರಲ್ಲಿ ಬಹುಮಂದಿ ಹೊರಟುಹೋದರು. ೧೮೮೧ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಯೆಹೂದಿ ಬಾಲಿಕಾ ಶಾಲೆಯಲ್ಲಿ ಇಂದು ಓದುತ್ತಿರುವವರು ಹೆಚ್ಚಾಗಿ ಮುಸಲ್ಮಾನರ ಹೆಣ್ಣುಮಕ್ಕಳು. ಮುಂಬಯಿಯ ಶಾಲೆಗಳ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ನೆರೆಹೊರೆಯವರ ಮಕ್ಕಳಿಗೆ ಆ ಶಾಲೆಗಳು ವಿದ್ಯೆಯನ್ನು ಕೊಡುತ್ತಿರುವುದು ಮೆಚ್ಚತಕ್ಕ ವಿಷಯ. ಆದರೆ ಅಲ್ಲಿಯ ಹೀಬ್ರೂ ಪಾಠ ಹೋದದ್ದು ಹೋದ ಕುಟುಂಬಗಳ ಜೊತೆಗೆ. ಶಾಲೆಯಿದ್ದರೂ ಇಲ್ಲದಿದ್ದರೂ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳ ಹೊಣೆ ಮನೆಯದೇ ಎಂಬುದನ್ನು ತಂದೆತಾಯಿಗಳು ಗಮನಿಸಬೇಕಾಗಿ ಪ್ರಾರ್ಥನೆ.